ಒಂದು ಬಟ್ಟಲು ರಾಮೆನ್ ಮತ್ತು ಸಾವಿರ ಯೆನ್ ಗೋಡೆ

ಟೋಕಿಯೊ ನಗರದ ಯಾವುದಾದರೂ ಬಡಾವಣೆಯ ರೈಲು ನಿಲ್ದಾಣದಿಂದ ಹೊರಬಂದು ಹಿಂಬದಿಯ ಓಣಿಗೆ ತಿರುಗಿದರೆ ಒಂದಲ್ಲ ಒಂದು ರಾಮೆನ್ ಅಂಗಡಿ ಕಣ್ಣಿಗೆ ಬೀಳುತ್ತದೆ. ಬಾಗಿಲಿಗೆ ಇಳಿಬಿಟ್ಟ ಮೋಟು ಬಟ್ಟೆಯ ಪರದೆ, ಗಾಜಿನ ಮೇಲೆ ಹಬೆಯ ಮಬ್ಬು, ಒಳಗೆ ಉದ್ದನೆಯ ಒಂದು ಹಲಗೆ, ಅದರ ಮುಂದೆ ಎಂಟೋ ಹತ್ತೋ ಆಸನಗಳು. ಹಲಗೆಯ ಆಚೆ ಬದಿಯಲ್ಲಿ ಕುದಿಯುವ ಹಂಡೆಗಳ ನಡುವೆ ಒಬ್ಬರೋ ಇಬ್ಬರೋ ಕೆಲಸದಲ್ಲಿ ಮುಳುಗಿರುತ್ತಾರೆ. ಅಡುಗೆ ಮಾಡುವವರೂ ಅವರೇ, ಬಡಿಸುವವರೂ ಅವರೇ, ಬಹಳಷ್ಟು ಕಡೆ ಮಾಲೀಕರೂ ಅವರೇ.

ಒಳಗೆ ಕಾಲಿಟ್ಟ ಗಿರಾಕಿ ಮೊದಲು ನಿಲ್ಲಬೇಕಾದುದು ಬಾಗಿಲ ಬಳಿಯ ಚೀಟಿ ಯಂತ್ರದ ಮುಂದೆ. ನೋಟು ತೂರಿಸಿ ಗುಂಡಿ ಒತ್ತಿದರೆ ಚೀಟಿ ಹೊರಬರುತ್ತದೆ. ಅದನ್ನು ಹಲಗೆಯ ಮೇಲಿಟ್ಟು ಕುಳಿತರೆ ಕೆಲವೇ ನಿಮಿಷಗಳಲ್ಲಿ ಬಟ್ಟಲು ಮುಂದೆ ಬರುತ್ತದೆ. ಮೊದಲು ಹಣ, ಆಮೇಲೆ ತಿಂಡಿ ಎಂಬ ಈ ಕ್ರಮ ಬೆಂಗಳೂರಿನ ದರ್ಶಿನಿಗಳನ್ನು ಬಲ್ಲವರಿಗೆ ಹೊಸತೇನಲ್ಲ.

ಈ ಯಂತ್ರವೇ ಈಚೆಗೆ ಸಣ್ಣ ಅಂಗಡಿಗಳಿಗೆ ತಲೆನೋವಾಗಿ ಪರಿಣಮಿಸಿತು. ಜಪಾನಿನ ಕೇಂದ್ರ ಬ್ಯಾಂಕ್ 2024ರ ಜುಲೈ 3ರಂದು ಹೊಸ ನೋಟುಗಳನ್ನು ಚಲಾವಣೆಗೆ ತಂದಿತು. ಸೂಕ್ಷ್ಮಜೀವಿ ವಿಜ್ಞಾನಿ ಕಿತಾಸಾತೊ ಶಿಬಾಸಾಬುರೊ ಅವರ ಭಾವಚಿತ್ರವಿರುವ ಸಾವಿರ ಯೆನ್ ನೋಟು ಹಳೆಯ ಯಂತ್ರಗಳಿಗೆ ಅರ್ಥವಾಗಲಿಲ್ಲ. ಯಂತ್ರವನ್ನು ಮಾರ್ಪಡಿಸಬೇಕು, ಇಲ್ಲವೇ ಹೊಸದನ್ನು ಕೊಳ್ಳಬೇಕು. ಹೊಸ ಯಂತ್ರಕ್ಕೆ ಹತ್ತು ಲಕ್ಷ ಯೆನ್ ಮೀರಿದ ಬೆಲೆ ತೆರಬೇಕಾದ ಸಂದರ್ಭಗಳೂ ಇದ್ದವು. ದಿನವೊಂದಕ್ಕೆ ನೂರು ಬಟ್ಟಲು ಮಾರಿದರೂ ಕೈಗೆ ಹೆಚ್ಚೇನೂ ಉಳಿಯದ ಅಂಗಡಿಗೆ ಇದು ಸಣ್ಣ ಮೊತ್ತವಲ್ಲ.

ಅಪ್ಪಟ ಜಪಾನೀ ರಾಮೆನ್ ಸವಿಯಬೇಕೆಂದು ಇಂಥ ಅಂಗಡಿಗಳನ್ನು ಹುಡುಕಿಕೊಂಡು ಹೋಗುವ ವಿದೇಶಿ ಪ್ರವಾಸಿಗರ ಸಂಖ್ಯೆ ಇಂದು ದೊಡ್ಡದು. ಅವರಲ್ಲಿ ಭಾರತೀಯರೂ ಇದ್ದಾರೆ. ಆದರೆ ಈ ತಿನಿಸಿನ ಮೂಲ ಜಪಾನಿನದಲ್ಲ ಎಂಬುದು ಮೊದಲ ಸ್ವಾರಸ್ಯ. ಅದನ್ನು ಜಪಾನಿನದಾಗಿಸಿದ ಸಣ್ಣ ಅಂಗಡಿಗಳೇ ಇಂದು ಬಾಗಿಲು ಮುಚ್ಚುವ ಭೀತಿಯಲ್ಲಿವೆ ಎಂಬುದು ಎರಡನೆಯ ಸಂಗತಿ. ಬಟ್ಟಲಿನ ರುಚಿಯನ್ನು ಅರಿಯಲು ಇವೆರಡನ್ನೂ ಅರಿಯುವುದು ಅಗತ್ಯ.

ಬಂದರಿನಿಂದ ಬಂದ ಊಟ:

1859ರಲ್ಲಿ ಯೊಕೊಹಾಮಾ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡಿತು. ಪಾಶ್ಚಾತ್ಯ ವರ್ತಕರ ಜೊತೆಯಲ್ಲಿ ಚೀನೀಯರೂ ಬಂದು ನೆಲೆಸಿದರು. ಅವರೊಂದಿಗೆ ಗೋಧಿ ನೂಡಲ್ಸ್ ಮತ್ತು ಮಾಂಸದ ಸಾರಿನ ಊಟವೂ ಬಂತು. ಜಪಾನೀಯರು ಅದನ್ನು ‘ನಾನ್‌ಕಿನ್ ಸೊಬಾ’, ‘ಶಿನಾ ಸೊಬಾ’ ಎಂದು ಕರೆದರು. ಚೀನಾದ ಶಾವಿಗೆ ಎಂಬುದೇ ಇದರ ಭಾವ.

1910ರಲ್ಲಿ ಟೋಕಿಯೊದ ಅಸಾಕುಸಾ ಬಡಾವಣೆಯಲ್ಲಿ ‘ರಾಯ್‌ರಾಯ್‌ಕೆನ್’ ಎಂಬ ಅಂಗಡಿ ಆರಂಭವಾಯಿತು. ಯೊಕೊಹಾಮಾದ ಸುಂಕದ ಕಚೇರಿಯಲ್ಲಿ ಕೆಲಸ ಮಾಡಿದ್ದ ಒಜಾಕಿ ಕಾನ್‌ಇಚಿ ಇದರ ಸ್ಥಾಪಕರು. ಅವರು ಯೊಕೊಹಾಮಾದ ಚೀನೀ ಕೇರಿಯಿಂದ 12 ಮಂದಿ ಅಡುಗೆಯವರನ್ನು ಕರೆತಂದರು. ಚೀನೀ ಕೈಗಳು ಮಾಡಿದ ಅಡುಗೆಗೆ ಜಪಾನೀ ಬಾಯಿಗೆ ಒಗ್ಗುವ ಸೋಯಾ ಸಾಸಿನ ರುಚಿ ಬೆರೆಯಿತು. ಜನಸಾಮಾನ್ಯರಿಗಾಗಿ ನಡೆದ ರಾಮೆನ್ ಅಂಗಡಿಗಳ ಪರಂಪರೆಗೆ ಇದನ್ನೇ ಮೊದಲ ಮೆಟ್ಟಿಲೆಂದು ಬಹುತೇಕರು ಗುರುತಿಸುತ್ತಾರೆ. ಯೊಕೊಹಾಮಾದಲ್ಲಿ 1994ರಲ್ಲಿ ಆರಂಭವಾದ ರಾಮೆನ್ ವಸ್ತುಸಂಗ್ರಹಾಲಯದಲ್ಲಿ 2020ರಲ್ಲಿ ಈ ಹಳೆಯ ಅಂಗಡಿಯನ್ನು ಪುನಃ ರೂಪಿಸಲಾಯಿತು.

1923ರ ಮಹಾಭೂಕಂಪ ಟೋಕಿಯೊವನ್ನು ನೆಲಸಮಗೊಳಿಸಿದಾಗ ಅಂಗಡಿ ಕಳೆದುಕೊಂಡವರು ತಳ್ಳುಗಾಡಿ ಹಿಡಿದರು. ಎರಡನೆಯ ಮಹಾಯುದ್ಧದ ಬಳಿಕ ಅಕ್ಕಿಯ ತೀವ್ರ ಕೊರತೆ ಎದುರಾಯಿತು. ಅಮೆರಿಕದಿಂದ ಬಂದ ಗೋಧಿ ಹಿಟ್ಟು ಕಾಳಸಂತೆಗಳಿಗೆ ಹರಿಯಿತು. ಚೀನಾದ ಯುದ್ಧಭೂಮಿಯಿಂದ ಮರಳಿದವರು ಅಲ್ಲಿ ಕಲಿತ ಅಡುಗೆಯನ್ನು ಗಾಡಿಗಳ ಮೇಲೆ ಮಾರತೊಡಗಿದರು. ಹಸಿದ ನಾಡಿಗೆ ಕಡಿಮೆ ಕಾಸಿಗೆ ಬಿಸಿಬಿಸಿಯಾಗಿ ಹೊಟ್ಟೆ ತುಂಬಿಸಿದ ಊಟ ಇದು. ‘ಶಿನಾ’ ಎಂಬ ಪದ ಚೀನೀಯರಿಗೆ ಅವಮಾನಕರವೆನಿಸಿದ್ದರಿಂದ ಯುದ್ಧಾನಂತರ ‘ಚೂಕಾ ಸೊಬಾ’ ಎಂಬ ಹೆಸರು ರೂಢಿಗೆ ಬಂತು.

‘ರಾಮೆನ್’ ಎಂಬ ಹೆಸರು ಕೈಯಿಂದ ಎಳೆದು ಮಾಡುವ ಚೀನೀ ನೂಡಲ್ಸ್‌ನ ಹೆಸರಾದ ‘ಲಾಮಿಯನ್’ನಿಂದ ಬಂದಿರಬೇಕೆಂಬುದು ಸಾಮಾನ್ಯ ಅಭಿಪ್ರಾಯ. ಅದನ್ನು ದೇಶದ ಮನೆಮನೆಗೆ ಮುಟ್ಟಿಸಿದ್ದು ಮಾತ್ರ ಪೊಟ್ಟಣದ ನೂಡಲ್ಸ್. ತೈವಾನಿನಲ್ಲಿ ಜನಿಸಿ ಜಪಾನಿನಲ್ಲಿ ಉದ್ಯಮಿಯಾದ ಮೊಮೊಫುಕು ಆಂಡೊ 1958ರ ಆಗಸ್ಟ್ 25ರಂದು ‘ಚಿಕನ್ ರಾಮೆನ್’ ಎಂಬ ದಿಢೀರ್ ನೂಡಲ್ಸನ್ನು ಮಾರುಕಟ್ಟೆಗೆ ತಂದರು. 1971ರಲ್ಲಿ ಲೋಟದಲ್ಲೇ ಬಿಸಿನೀರು ಹಾಕಿ ತಿನ್ನುವ ಕಪ್ ನೂಡಲ್ಸ್ ಬಂತು. ಆಂಡೊ ಸ್ಥಾಪಿಸಿದ ನಿಸ್ಸಿನ್ ಸಂಸ್ಥೆಯ ಭಾರತೀಯ ಶಾಖೆ ಬೆಂಗಳೂರಿನಲ್ಲಿ ನೆಲೆಯೂರಿ ‘ಟಾಪ್ ರಾಮೆನ್’ ಮಾರಿತು. ಕನ್ನಡಿಗರಲ್ಲಿ ಅನೇಕರು ರಾಮೆನ್ ಎಂಬ ಪದವನ್ನು ಮೊದಲು ಓದಿದ್ದು ಆ ಪೊಟ್ಟಣದ ಮೇಲೆಯೇ. ಎರಡೇ ನಿಮಿಷದಲ್ಲಿ ಬೇಯುವ ಆ ತಿನಿಸಿಗೂ ಎರಡು ದಿನ ಮೊದಲೇ ತಯಾರಿ ಬೇಡುವ ಅಂಗಡಿಯ ಬಟ್ಟಲಿಗೂ ಹೆಸರು ಒಂದೇ ಆದರೂ ಅಂತರ ಅಪಾರ.

ಬಟ್ಟಲಿನೊಳಗೆ ಐದು ಅಂಗ:

ಮೇಲುನೋಟಕ್ಕೆ ಸಾರಿನಲ್ಲಿ ತೇಲುವ ನೂಡಲ್ಸ್‌ನಂತೆ ಕಾಣುವ ರಾಮೆನ್‌ನಲ್ಲಿ ಐದು ಅಂಗಗಳಿವೆ. ಸಾರು, ‘ತಾರೆ’ ಎಂಬ ಗಟ್ಟಿ ರಸ, ಪರಿಮಳದ ಕೊಬ್ಬು ಅಥವಾ ಎಣ್ಣೆ, ನೂಡಲ್ಸ್ ಮತ್ತು ಮೇಲೆ ಜೋಡಿಸುವ ಪದಾರ್ಥಗಳು. ಇವು ಬೇರೆ ಬೇರೆಯಾಗಿ ಸಿದ್ಧಗೊಂಡು ಗಿರಾಕಿ ಕುಳಿತ ಮೇಲಷ್ಟೇ ಬಟ್ಟಲಿನಲ್ಲಿ ಒಂದಾಗುತ್ತವೆ.

ಸಾರಿಗೆ ಹಂದಿ ಅಥವಾ ಕೋಳಿಯ ಮೂಳೆಗಳನ್ನು ಗಂಟೆಗಟ್ಟಲೆ ಕುದಿಸುತ್ತಾರೆ. ಸಣ್ಣ ಉರಿಯಲ್ಲಿ ಬೇಯಿಸಿದರೆ ತಿಳಿಸಾರು ದೊರೆಯುತ್ತದೆ. ದೊಡ್ಡ ಉರಿಯಲ್ಲಿ ಕೊತಕೊತನೆ ಕುದಿಸಿದರೆ ಮೂಳೆಯ ಕೊಬ್ಬು ಮತ್ತು ಜೆಲಟಿನ್ ನೀರಿನೊಂದಿಗೆ ಬೆರೆತು ಸಾರು ಹಾಲಿನಂತೆ ಬೆಳ್ಳಗಾಗುತ್ತದೆ. ಅನೇಕರು ಇದಕ್ಕೆ ಒಣಮೀನು ಹಾಗೂ ಕೊಂಬು ಎಂಬ ಕಡಲಪಾಚಿಯ ಸಾರವನ್ನು ಸೇರಿಸುತ್ತಾರೆ. 1908ರಲ್ಲಿ ರಸಾಯನಶಾಸ್ತ್ರಜ್ಞ ಕಿಕುನಾಎ ಇಕೆಡಾ ಅವರು ಗ್ಲುಟಮೇಟ್ ಅಂಶವನ್ನು ಪತ್ತೆ ಹಚ್ಚಿ ‘ಉಮಾಮಿ’ ಎಂಬ ರುಚಿಗೆ ಹೆಸರಿಟ್ಟದ್ದು ಇದೇ ಪಾಚಿಯ ಸಾರಿನಿಂದ.

ಸಾರಿಗೆ ಉಪ್ಪು ಬೆರೆಸಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಉಪ್ಪು ಬರುವುದು ಬಟ್ಟಲಿನ ತಳಕ್ಕೆ ಮೊದಲೇ ಹಾಕಿದ ತಾರೆಯಿಂದ. ಸೋಯಾ ಸಾಸಿನ ತಾರೆಯಾದರೆ ‘ಶೋಯು’ ರಾಮೆನ್, ಉಪ್ಪಿನದಾದರೆ ‘ಶಿಯೊ’, ಹುದುಗಿಸಿದ ಸೋಯಾ ಹಿಟ್ಟಿನದಾದರೆ ‘ಮಿಸೊ’. ತಾರೆಯ ಅಳತೆ ಮತ್ತು ಸಾಮಗ್ರಿ ಅಂಗಡಿಯ ಗುಟ್ಟು. ಹಲವೆಡೆ ಅದು ಗುರುವಿನಿಂದ ಶಿಷ್ಯನಿಗೆ ಮಾತ್ರ ದಾಟುತ್ತದೆ.

ನೂಡಲ್ಸ್‌ನ ಹಳದಿ ಬಣ್ಣಕ್ಕೆ ಮೊಟ್ಟೆ ಕಾರಣವೆಂದು ಹಲವರು ಭಾವಿಸುತ್ತಾರೆ. ನಿಜವಾದ ಕಾರಣ ‘ಕಾನ್‌ಸುಯಿ’ ಎಂಬ ಕ್ಷಾರ. ಸೋಡಿಯಂ ಕಾರ್ಬೊನೇಟ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಲವಣಗಳು ಗೋಧಿಯಲ್ಲಿರುವ ಸಹಜ ವರ್ಣದ್ರವ್ಯವನ್ನು ಹಳದಿಗೆ ತಿರುಗಿಸುತ್ತವೆ. ಹಿಟ್ಟಿನ ಅಂಟು ಬಿಗಿಯಾಗಿ, ಬಿಸಿ ಸಾರಿನಲ್ಲಿಯೂ ನೂಡಲ್ಸ್ ಬೇಗ ಮೆತ್ತಗಾಗದೆ ಪುಟಿಯುವ ಗುಣ ಪಡೆಯುತ್ತದೆ. ನಮ್ಮ ಮನೆಗಳಲ್ಲಿ ಹಪ್ಪಳದ ಹಿಟ್ಟಿಗೆ ಬೆರೆಸುವ ಹಪ್ಪಳಖಾರವೂ ಇದೇ ಜಾತಿಗೆ ಸೇರಿದ ಕ್ಷಾರ.

ಮೇಲೆ ಜೋಡಿಸುವ ಪದಾರ್ಥಗಳಲ್ಲಿ ‘ಚಾಶು’ ಎಂಬ ಹಂದಿ ಮಾಂಸದ ತೆಳು ಬಿಲ್ಲೆ, ಸೋಯಾದಲ್ಲಿ ನೆನೆಸಿದ ಅರೆಬೆಂದ ಮೊಟ್ಟೆ, ಈರುಳ್ಳಿ ಸೊಪ್ಪು, ಕಡಲಪಾಚಿಯ ಹಾಳೆ ಮತ್ತು ‘ಮೆನ್ಮಾ’ ಮುಖ್ಯವಾದವು. ಮೆನ್ಮಾ ಎಂದರೆ ಹುದುಗಿಸಿದ ಎಳೆ ಬಿದಿರು. ಮಲೆನಾಡಿನ ಕಳಲೆ ತಿಂದವರಿಗೆ ಅದರ ಪರಿಚಯ ಸುಲಭವಾಗಿ ಹತ್ತುತ್ತದೆ.

ಊರಿಗೊಂದು ರುಚಿ:

ರಾಮೆನ್‌ಗೆ ಶಾಸ್ತ್ರವಿಲ್ಲ. ಸುಶಿಗೋ ಸೊಬಾಗೋ ಇರುವಂಥ ಶತಮಾನಗಳ ಕಟ್ಟುಪಾಡು ಇದಕ್ಕೆ ಇಲ್ಲದ ಕಾರಣ ಪ್ರತಿ ಊರೂ ತನ್ನದೇ ದಾರಿ ಹಿಡಿಯಿತು.

ಕ್ಯೂಶೂ ದ್ವೀಪದ ಕುರುಮೆ ಪಟ್ಟಣದಲ್ಲಿ 1937ರಲ್ಲಿ ಹಂದಿ ಮೂಳೆಯ ಸಾರಿನ ರಾಮೆನ್ ಆರಂಭವಾಯಿತು. ಅದು ಆಗ ಇನ್ನೂ ತಿಳಿಸಾರು. 1947ರಲ್ಲಿ ಅದೇ ಊರಿನ ‘ಸಾನ್‌ಕ್ಯೂ’ ಎಂಬ ಗಾಡಿಯಲ್ಲಿ ಸಾರು ಮರೆತು ಅತಿಯಾಗಿ ಕುದಿದು ಬೆಳ್ಳಗಾಯಿತು. ಕೆಟ್ಟಿತೆಂದು ಚೆಲ್ಲುವ ಮುನ್ನ ರುಚಿ ನೋಡಿದಾಗ ಹೊಸದೊಂದು ಬಗೆಯೇ ಹುಟ್ಟಿತ್ತು. ಇಂದು ಜಗತ್ತು ‘ತೊನ್‌ಕೊತ್ಸು’ ಎಂದು ಕರೆಯುವ ರಾಮೆನ್ ಹೀಗೆ ಒಂದು ಮರೆವಿನ ಫಲ.

ಪಕ್ಕದ ಫುಕುವೊಕಾ ನಗರದ ನಾಗಹಾಮಾದಲ್ಲಿ ಮೀನು ಮಾರುಕಟ್ಟೆಯ ಕೆಲಸಗಾರರಿಗೆ ಕಾಯುವಷ್ಟು ಪುರುಸೊತ್ತಿರಲಿಲ್ಲ. ಅವರಿಗಾಗಿ ಕ್ಷಣದಲ್ಲಿ ಬೇಯುವ ಎಳೆಗೂದಲಿನಂಥ ನೂಡಲ್ಸ್ ರೂಢಿಗೆ ಬಂತು. ತೆಳುವಾದುದು ಬೇಗ ಮೆತ್ತಗಾಗುತ್ತದೆ. ಆದ್ದರಿಂದ ಒಮ್ಮೆಗೆ ಕಡಿಮೆ ಬಡಿಸಿ, ಬೇಕಾದವರಿಗೆ ಉಳಿದ ಸಾರಿಗೆ ಮತ್ತೊಂದು ಹಿಡಿ ನೂಡಲ್ಸ್ ಹಾಕುವ ‘ಕಾಎದಾಮಾ’ ಪದ್ಧತಿ ಬೆಳೆಯಿತು. ಉತ್ತರದ ಹೊಕ್ಕಾಯ್ಡೊ ದ್ವೀಪದ ಸಪ್ಪೊರೊ ನಗರದಲ್ಲಿ ಕೊರೆಯುವ ಚಳಿಗೆ ತಕ್ಕಂತೆ 1950ರ ದಶಕದಲ್ಲಿ ಮಿಸೊ ರಾಮೆನ್ ಹುಟ್ಟಿತು. ಫುಕುಶಿಮಾ ಪ್ರಾಂತದ ಕಿತಾಕಾತಾ ಪಟ್ಟಣದಲ್ಲಿ ದಪ್ಪನೆಯ ಸುರುಳಿ ನೂಡಲ್ಸ್ ಪ್ರಸಿದ್ಧ. ಅಲ್ಲಿ ಬೆಳಗಿನ ಉಪಾಹಾರಕ್ಕೇ ರಾಮೆನ್ ತಿನ್ನುವ ವಾಡಿಕೆಯಿದೆ. ಟೋಕಿಯೊದ ಯಾಮಾಗಿಶಿ ಕಾಜುವೊ 1955ರಲ್ಲಿ ನೂಡಲ್ಸನ್ನು ತಣ್ಣಗೆ ಬೇರೆಯಾಗಿರಿಸಿ ಬಿಸಿ ಸಾರಿನಲ್ಲಿ ಅದ್ದಿ ತಿನ್ನುವ ಕ್ರಮವನ್ನು ತಮ್ಮ ಅಂಗಡಿಯ ಪಟ್ಟಿಗೆ ಸೇರಿಸಿದರು. 2015ರಲ್ಲಿ ನಿಧನರಾದ ಅವರಲ್ಲಿ ಕಲಿತ ಶಿಷ್ಯರು ದೇಶದ ಉದ್ದಗಲಕ್ಕೂ ಅಂಗಡಿ ತೆರೆದಿದ್ದಾರೆ.

ಹೀಗಿರುವಾಗ ಅಪ್ಪಟ ರಾಮೆನ್ ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗದು. 2007ರಲ್ಲಿ ಇವಾನ್ ಓರ್ಕಿನ್ ಎಂಬ ಅಮೆರಿಕನ್ ಟೋಕಿಯೊದಲ್ಲಿ ರಾಮೆನ್ ಅಂಗಡಿ ತೆರೆದಾಗ ಸ್ಥಳೀಯರು ಅನುಮಾನದಿಂದ ಬಂದು ಸಾಲುಗಟ್ಟಿ ನಿಂತರು. ತನ್ನ ಕೈಯಾರೆ ಸಾರು ಕುದಿಸಿ, ತನ್ನ ಹೆಸರಿನ ಹೊಣೆ ಹೊತ್ತು ಹಲಗೆಯ ಹಿಂದೆ ನಿಲ್ಲುವವನ ಬಟ್ಟಲೇ ಅಪ್ಪಟ ಎಂಬುದು ಅಲ್ಲಿಯ ರಸಿಕರ ನಿಲುವೆಂದು ಇದರಿಂದ ತಿಳಿಯುತ್ತದೆ.

ಕುಳಿತವರ ನಡೆ:

ಸಣ್ಣ ಅಂಗಡಿಗೆ ತನ್ನದೇ ಶಿಷ್ಟಾಚಾರವಿದೆ. ಬಟ್ಟಲು ಬಂದೊಡನೆ ತಿನ್ನಲು ತೊಡಗಬೇಕು; ಹರಟೆಗೆ ಅದು ಜಾಗವಲ್ಲ. ಸೊರಸೊರ ಸದ್ದು ಮಾಡುವುದು ಅಲ್ಲಿ ಅಸಭ್ಯವಲ್ಲ. ಗಾಳಿಯೊಂದಿಗೆ ಎಳೆದುಕೊಂಡಾಗ ಸುಡುವ ನೂಡಲ್ಸ್ ತುಸು ಆರುತ್ತದೆ, ಸಾರಿನ ಪರಿಮಳ ಮೂಗಿಗೂ ಏರುತ್ತದೆ. ಬಟ್ಟಲು ಬರಿದಾದ ಮೇಲೆ ಅದನ್ನೆತ್ತಿ ಎದುರಿನ ಎತ್ತರದ ಕಟ್ಟೆಯ ಮೇಲಿಟ್ಟು, ತಾನು ಕುಳಿತ ಜಾಗವನ್ನು ಒರೆಸಿ, ‘ಗೊಚಿಸೋಸಾಮಾ’ ಎಂದು ಕೃತಜ್ಞತೆ ಹೇಳಿ ಎದ್ದರೆ ಮಾಲೀಕರ ಮುಖ ಅರಳುತ್ತದೆ. ಆಸನ ಬೇಗ ತೆರವಾದಷ್ಟೂ ಅಂಗಡಿ ಉಳಿಯುತ್ತದೆ ಎಂಬ ಲೆಕ್ಕಾಚಾರವೂ ಈ ನಡೆಯ ಹಿಂದಿದೆ.

ಸಸ್ಯಾಹಾರಿಗಳು ಮಾತ್ರ ಎಚ್ಚರ ವಹಿಸುವುದು ಒಳಿತು. ತರಕಾರಿ ರಾಮೆನ್ ಎಂದು ಬರೆದಿದ್ದರೂ ಸಾರು ಮೂಳೆಯದೋ ಮೀನಿನದೋ ಆಗಿರುವ ಸಾಧ್ಯತೆಯೇ ಹೆಚ್ಚು. ಮಾಂಸದ ಬಿಲ್ಲೆ ತೆಗೆದು ಕೊಡಿ ಎಂದರೆ ಸಾಲದು. ಟೋಕಿಯೊ ಕೇಂದ್ರ ರೈಲು ನಿಲ್ದಾಣದ ಆವರಣದ ‘ಟೀಸ್ ತಾನ್‌ತಾನ್’ನಂತೆ ಪೂರ್ಣ ಸಸ್ಯಾಹಾರಿ ರಾಮೆನ್‌ಗೆ ಮೀಸಲಾದ ಅಂಗಡಿಗಳನ್ನು ಹುಡುಕಿಕೊಳ್ಳುವುದು ಸುರಕ್ಷಿತ. ಮಾಂಸಾಹಾರಿಗಳೂ ಸಾರನ್ನು ಕೊನೆಯ ಹನಿಯವರೆಗೆ ಕುಡಿಯಲೇಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಸಾರು ಸಮೇತ ಒಂದು ಬಟ್ಟಲು ಅಷ್ಟನ್ನೂ ಮೀರಿಸಬಲ್ಲದು.

ಗೋಡೆಯ ಎದುರು:

ಜಪಾನಿನ ಆಹಾರೋದ್ಯಮದಲ್ಲಿ ‘ಸಾವಿರ ಯೆನ್ ಗೋಡೆ’ ಎಂಬ ಮಾತು ಬಳಕೆಯಲ್ಲಿದೆ. ಒಂದು ಬಟ್ಟಲು ರಾಮೆನ್‌ಗೆ 1,000 ಯೆನ್ ದಾಟಿ ಬೆಲೆ ಇಟ್ಟರೆ ಗಿರಾಕಿ ಹಿಂದೆ ಸರಿಯುತ್ತಾನೆ ಎಂಬುದು ಇದರ ಅರ್ಥ. ಈಚಿನ ವಿನಿಮಯ ದರದಲ್ಲಿ ಇದು ಸರಿಸುಮಾರು 550ರಿಂದ 600 ರೂಪಾಯಿ. ನ್ಯೂಯಾರ್ಕ್‌ನಲ್ಲಿ 20 ಡಾಲರ್ ಆಸುಪಾಸಿಗೆ ಮಾರಾಟವಾಗುವ ಬಟ್ಟಲಿಗೆ ತವರಿನಲ್ಲಿ ಅದರ ಅರ್ಧ ಬೆಲೆಯೂ ಸಿಗುವುದಿಲ್ಲ.

ಇಟಲಿಯ ಪಾಸ್ತಾಗೆ ಒಂದೂವರೆ ಸಾವಿರ ಯೆನ್ ಕೊಡಲು ಹಿಂಜರಿಯದವರೇ ರಾಮೆನ್ ವಿಷಯದಲ್ಲಿ ಹುಬ್ಬೇರಿಸುತ್ತಾರೆ. ರಾಮೆನ್ ಕೂಲಿಯವರ, ವಿದ್ಯಾರ್ಥಿಗಳ, ರಾತ್ರಿ ಪಾಳಿಯವರ ಊಟವಾಗಿ ಬೆಳೆದುದೇ ಇದಕ್ಕೆ ಕಾರಣ. ಅದನ್ನು ಜನರ ಬಳಿಗೆ ತಂದ ಅಗ್ಗದ ಬೆಲೆಯೇ ಇಂದು ಅದರ ಕೊರಳಿಗೆ ಉರುಳಾಗಿದೆ. ಬೆಂಗಳೂರಿನಲ್ಲಿ ಇಡ್ಲಿ-ಕಾಫಿಯ ದರ ಎರಡು ರೂಪಾಯಿ ಏರಿದರೂ ಕೇಳಿಬರುವ ಗೊಣಗಾಟವನ್ನು ಬಲ್ಲವರಿಗೆ ಈ ಇಕ್ಕಟ್ಟು ಅರ್ಥವಾದೀತು.

ಖರ್ಚುಗಳಿಗೆ ಮಾತ್ರ ಅಂಥ ಗೋಡೆಯಿಲ್ಲ. ಜಪಾನ್ ಬಳಸುವ ಗೋಧಿಯ ಬಹುಪಾಲು ಆಮದಾಗುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬಳಿಕ ಗೋಧಿಯ ಬೆಲೆ ಏರಿತು. ಯೆನ್ ಮೌಲ್ಯ ಕುಸಿದು ಆಮದು ಮತ್ತಷ್ಟು ದುಬಾರಿಯಾಯಿತು. ಮಾಂಸ, ಕಡಲಪಾಚಿ, ಗಂಟೆಗಟ್ಟಲೆ ಕುದಿಸಲು ಬೇಕಾದ ಅನಿಲ, ವಿದ್ಯುತ್ ಎಲ್ಲವೂ ತುಟ್ಟಿಯಾದವು. ದುಡಿಯುವ ವಯಸ್ಸಿನ ಜನಸಂಖ್ಯೆ ಕುಗ್ಗುತ್ತಿರುವ ದೇಶದಲ್ಲಿ ಸಹಾಯಕರು ಸಿಗುವುದೂ ಕಷ್ಟ.

ಪರಿಣಾಮ ಅಂಕಿಅಂಶಗಳಲ್ಲಿ ಕಾಣುತ್ತದೆ. ತೇಯ್ಕೊಕು ಡೇಟಾಬ್ಯಾಂಕ್ ಎಂಬ ಜಪಾನೀ ಸಮೀಕ್ಷಾ ಸಂಸ್ಥೆಯ ಪ್ರಕಾರ 2023ರಲ್ಲಿ 53 ರಾಮೆನ್ ಸಂಸ್ಥೆಗಳು ದಿವಾಳಿಯಾದವು. 2024ರಲ್ಲಿ ಆ ಸಂಖ್ಯೆ 72ಕ್ಕೆ ಏರಿತು. ಅದುವರೆಗಿನ ವರ್ಷಗಳಲ್ಲಿ ಇದೇ ಅತ್ಯಧಿಕ. ಒಂದು ಕೋಟಿ ಯೆನ್ ಅಥವಾ ಅದಕ್ಕೂ ಹೆಚ್ಚಿನ ಸಾಲ ಉಳಿಸಿ ಕಾನೂನುಬದ್ಧವಾಗಿ ದಿವಾಳಿ ಘೋಷಿಸಿದವರನ್ನು ಮಾತ್ರ ಈ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ. ವಯಸ್ಸಾಗಿ, ಮುಂದುವರಿಸುವವರಿಲ್ಲದೆ, ಬಾಗಿಲಿಗೆ ಧನ್ಯವಾದದ ಚೀಟಿ ಅಂಟಿಸಿ ಸದ್ದಿಲ್ಲದೆ ಮುಚ್ಚಿದ ಅಂಗಡಿಗಳು ಇದರಲ್ಲಿ ಸೇರಿಲ್ಲ.

ದೊಡ್ಡ ಸರಪಳಿ ಸಂಸ್ಥೆಗಳು ಸಾರನ್ನು ಒಂದೇ ಕೇಂದ್ರ ಅಡುಗೆಮನೆಯಲ್ಲಿ ಕುದಿಸಿ ಹಂಚುತ್ತವೆ. ಸಗಟು ಖರೀದಿಯಿಂದ ವೆಚ್ಚ ತಗ್ಗಿಸುತ್ತವೆ. ಎಂಟು ಆಸನಗಳ ಅಂಗಡಿಗೆ ಆ ಅನುಕೂಲವಿಲ್ಲ. ಬೆಲೆ ಏರಿಸಿದರೆ ಇಪ್ಪತ್ತು ವರ್ಷಗಳಿಂದ ಬರುತ್ತಿರುವ ಗಿರಾಕಿ ತಪ್ಪಿಹೋಗುತ್ತಾನೆ. ಏರಿಸದಿದ್ದರೆ ಅಂಗಡಿಯೇ ಉಳಿಯುವುದಿಲ್ಲ.

ಕೀರ್ತಿಯೊಂದೇ ಸಾಲದು:

ಗೋಡೆಯನ್ನು ದಾಟುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಟೋಕಿಯೊದ ಸುಗಾಮೊ ಬಡಾವಣೆಯಲ್ಲಿದ್ದ ‘ತ್ಸುತಾ’ ಕೇವಲ 9 ಆಸನಗಳ ಅಂಗಡಿ. ಮಿಶೆಲಿನ್ ಮಾರ್ಗದರ್ಶಿಯ 2016ರ ಟೋಕಿಯೊ ಆವೃತ್ತಿಯಲ್ಲಿ ಅದಕ್ಕೆ ಒಂದು ನಕ್ಷತ್ರ ಲಭಿಸಿತು. ರಾಮೆನ್ ಅಂಗಡಿಯೊಂದು ಆ ಗೌರವ ಪಡೆದದ್ದು ಜಗತ್ತಿನಲ್ಲೇ ಮೊದಲು. ರಾಮೆನ್ ಅಂಗಡಿಯವರ ಮಗನಾಗಿ ಬೆಳೆದ ಓನಿಶಿ ಯೂಕಿ ಅದರ ಮಾಲೀಕರು. ಸುದ್ದಿ ಹರಡಿದೊಡನೆ ಓಣಿಯ ತುಂಬ ಸಾಲು ಬೆಳೆಯಿತು. ನೆರೆಹೊರೆಯವರಿಗೆ ತೊಂದರೆಯಾಗದಿರಲೆಂದು ಬೆಳಗ್ಗೆಯೇ ಸಾವಿರ ಯೆನ್ ಠೇವಣಿ ಪಡೆದು ಬಣ್ಣದ ಚೀಟಿ ಹಂಚುವ ವ್ಯವಸ್ಥೆ ಬಂತು. 2019ರಲ್ಲಿ ಅಂಗಡಿ ಬೇರೆ ಬಡಾವಣೆಗೆ ಸ್ಥಳಾಂತರಗೊಂಡಿತು. ಓನಿಶಿ 2022ರಲ್ಲಿ, ನಲವತ್ತರ ಆಸುಪಾಸಿನ ವಯಸ್ಸಿನಲ್ಲಿಯೇ ಅಗಲಿದರು.

ತ್ಸುತಾದ ಯಶಸ್ಸು ರಾಮೆನ್‌ನ ಗೌರವ ಹೆಚ್ಚಿಸಿತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಓಣಿಯ ಪ್ರತಿ ಅಂಗಡಿಗೂ ನಕ್ಷತ್ರ ಬರಲಾರದು, ಬರಬೇಕಾಗಿಯೂ ಇಲ್ಲ. ಶಾಲೆ ಬಿಟ್ಟ ಮಕ್ಕಳು, ಕಡೆಯ ರೈಲು ಹಿಡಿಯುವ ಗುಮಾಸ್ತರು, ಒಂಟಿಯಾಗಿ ವಾಸಿಸುವ ವೃದ್ಧರು ಒಂದೇ ಹಲಗೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕುಳಿತು ಉಣ್ಣುವ ಜಾಗ ಅದು. ಬೆಲೆ ಎರಡು ಸಾವಿರ ಯೆನ್ ಆದರೆ ಅವರಲ್ಲಿ ಕೆಲವರು ಬರಲಾರರು. ಏಳುನೂರರಲ್ಲೇ ಉಳಿದರೆ ಬಡಿಸುವವರೇ ಇರಲಾರರು. ನೂರಿನ್ನೂರು ಯೆನ್ ಹೆಚ್ಚು ಕೊಟ್ಟು ಮರುವಾರವೂ ಬರಲು ಸಿದ್ಧರಿರುವ ನೆರೆಯ ಗಿರಾಕಿಗಳ ಮೇಲೆಯೇ ಇವುಗಳ ನಾಳೆ ನಿಂತಿದೆ.

ಚೀನೀಯರಿಂದ ಬಂದು, ಭೂಕಂಪವನ್ನೂ ಯುದ್ಧವನ್ನೂ ದಾಟಿ ಬೆಳೆದ ಊಟವಿದು. ಪೊಟ್ಟಣದ ರೂಪದಲ್ಲಿ ಅದು ಜಗತ್ತಿನಾದ್ಯಂತ ಉಳಿಯುವುದರಲ್ಲಿ ಅನುಮಾನವಿಲ್ಲ. ಹಬೆಯಾಡುವ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಗಿರಾಕಿಯ ಮುಂದಿಡುವ ಮಾಲೀಕರು ಉಳಿಯುವರೇ ಎಂಬುದಷ್ಟೇ ಪ್ರಶ್ನೆ. ಬಾಗಿಲ ಬಳಿಯ ಯಂತ್ರಕ್ಕೆ ಹೊಸ ಸಾವಿರ ಯೆನ್ ನೋಟನ್ನು ತೂರಿಸುವ ಪ್ರವಾಸಿ ಚಿಲ್ಲರೆಗಾಗಿ ಕೈ ಚಾಚುವ ಮುನ್ನ ಈ ಲೆಕ್ಕವನ್ನು ಒಮ್ಮೆ ನೆನೆದರೆ, ಸಾರಿನ ಬೆಲೆ ಅವನಿಗೆ ತಿಳಿದಂತೆಯೇ.